ಸಮುದ್ರಕ್ಕೆ ಬೆನ್ನು ಮಾಡಿದರೆ ಸಿಗುವ ಗೋವಾ

ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯವರಿಗೆ ಗೋವಾ ಅಂದರೆ ಶುಕ್ರವಾರ ರಾತ್ರಿ ಹೊರಟು ಸೋಮವಾರ ನಿದ್ದೆಗಣ್ಣಲ್ಲಿ ಕಚೇರಿ ಸೇರುವ ಊರು. ನೋಡಿದ್ದೇನು ಅಂದರೆ ಬೀಚು, ತಿಂದಿದ್ದೇನು ಅಂದರೆ ಮೀನು. ಕಾರು, ಪ್ಯಾಕೇಜು ಯಾವುದೂ ಇಲ್ಲದೆ ಬೆನ್ನಿಗೊಂದು ಚೀಲ ಹಾಕಿಕೊಂಡು ಆ ರಾಜ್ಯದ ಒಳನಾಡನ್ನು ಸುತ್ತಿ ನಾನು ಕಲಿತದ್ದು ಬೇರೆ. ಬೀಚಿನ ಬಗ್ಗೆ ಹೇಳುವವರು ಸಾಕಷ್ಟು ಜನ ಇದ್ದಾರೆ. ಅದನ್ನು ಅವರಿಗೇ ಬಿಡುತ್ತೇನೆ.

1. ಘಟ್ಟದ ಬುಡದಲ್ಲೇ ಇಳಿಯಿರಿ

ಹುಬ್ಬಳ್ಳಿಯಿಂದ ಹೊರಟ ರೈಲು ಲೋಂಡಾ ದಾಟಿ ಕ್ಯಾಸಲ್‌ರಾಕ್‌ಗೆ ಬರುತ್ತದೆ. 1961ರವರೆಗೆ ಭಾರತ ಮುಗಿಯುತ್ತಿದ್ದದ್ದು ಇಲ್ಲೇ. ಆಚೆಗೆ ಪೋರ್ಚುಗೀಸರ ನೆಲ. ಅಲ್ಲಿಂದ ಘಟ್ಟ ಇಳಿದರೆ ಕುಳೆಂ, ಮುಂದೆ ಕುಡಚಡೆ. ಬೋಗಿಯಲ್ಲಿದ್ದವರೆಲ್ಲ ಮಡಗಾಂವ್ ಬರಲಿ ಎಂದು ಕಾಯುತ್ತಿರುತ್ತಾರೆ. ನೀವು ಈ ಎರಡರಲ್ಲಿ ಒಂದು ಕಡೆ ಇಳಿದುಬಿಡಿ. ಇಡೀ ಗೋವಾದ ವಿಸ್ತೀರ್ಣ 3,702 ಚದರ ಕಿಲೋಮೀಟರ್, ನಮ್ಮ ಧಾರವಾಡ ಜಿಲ್ಲೆಗಿಂತ ಚಿಕ್ಕದು. ಅದರಲ್ಲಿ ಸತ್ತರಿ, ಧಾರಬಾಂದೋಡಾ, ಸಾಂಗೆ, ಕೇಪೆ ತಾಲ್ಲೂಕುಗಳಲ್ಲಿ ಇರುವುದು ಯಾವ ಪೋಸ್ಟರಿನಲ್ಲೂ ಕಾಣಿಸುವುದಿಲ್ಲ. ಕರಾವಳಿಯಲ್ಲಿ ಕೋಣೆ ಮಾಡಿ ದಿನಾ ಒಳನಾಡಿಗೆ ಹೋಗಿಬರುವುದು ದಂಡದ ಕೆಲಸ.

2. ಹಲಸಿ ನೋಡಿಕೊಂಡು ತಾಂಬ್ಡಿ ಸುರ್ಲಾಕ್ಕೆ ಹೋಗಿ

ಗೋವೆಯ ಕದಂಬರು ಘಟ್ಟದ ಎರಡೂ ಕಡೆ ಆಳಿದವರು. ಖಾನಾಪುರ ತಾಲ್ಲೂಕಿನ ಹಲಸಿ ಅವರ ಇನ್ನೊಂದು ರಾಜಧಾನಿ. ಕಿತ್ತೂರಿನ ಹತ್ತಿರದ ದೇಗಾಂವಿಯಲ್ಲಿ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿ ಇದೆ. ಇವೆರಡನ್ನೂ ನೋಡಿದ ಕಣ್ಣಿಗೆ, ಅನಮೋಡ ಘಟ್ಟದ ಬುಡದ ಕಾಡಿನಲ್ಲಿ ನಿಂತಿರುವ ತಾಂಬ್ಡಿ ಸುರ್ಲಾದ ಮಹಾದೇವ ಗುಡಿ ಹೊಸದೆನಿಸುವುದಿಲ್ಲ, ನೆಂಟರ ಮನೆಗೆ ಹೋದ ಹಾಗಿರುತ್ತದೆ.

ಗೋವಾದ ನೆಲವೆಲ್ಲ ಜಂಬಿಟ್ಟಿಗೆ. ಈ ಗುಡಿ ಮಾತ್ರ ಕರಿಕಲ್ಲಿನದು. ಕಲ್ಲು ಘಟ್ಟದ ಮೇಲಿನಿಂದ ಇಳಿದು ಬಂದಿರಬೇಕು ಎನ್ನುತ್ತಾರೆ. ಕಂಬದ ಬುಡದಲ್ಲಿ ಕುದುರೆಯನ್ನು ತುಳಿಯುವ ಆನೆಯನ್ನು ಹುಡುಕಿ. ತಲೆಯೆತ್ತಿದರೆ ಮಂಟಪದ ಚಾವಣಿಯಲ್ಲಿ ಕಮಲ, ಹೊರಗೆ ಬಂದರೆ ಪೂರ್ತಿಯಾಗದೆ ಉಳಿದ ಶಿಖರ, ಪಕ್ಕದಲ್ಲಿ ಹೊಳೆ. ಪೋರ್ಚುಗೀಸರ ಕಾಲದ ಹೊಡೆತ ತಪ್ಪಿಸಿಕೊಂಡು ಇದು ಉಳಿದದ್ದು ಯಾರಿಗೂ ಬೇಡವಾದ ಜಾಗದಲ್ಲಿ ಇದ್ದುದರಿಂದ. ಭಾನುವಾರ ಹೋಗಬೇಡಿ. ಬೆಳಿಗ್ಗೆ ಬೇಗ ಹೋದರೆ ಗುಡಿ ನಿಮ್ಮೊಬ್ಬರದೇ.

3. ಕೊನೆಯ ಬಸ್ಸು ಕೇಳಿ ಮೊದಲ ಬಸ್ಸು ಹತ್ತಿ

ಗೋವಾ ಸರ್ಕಾರಿ ಬಸ್ಸಿನ ಹೆಸರೂ ‘ಕದಂಬ’ವೇ. ಒಳನಾಡಿನ ಬಸ್ಸು ಸಂಜೆಯಾಗುತ್ತಲೇ ಕಡಿಮೆಯಾಗುತ್ತದೆ, ಆದ್ದರಿಂದ ಟಿಕೆಟ್ ತೆಗೆಯುವಾಗಲೇ ‘ವಾಪಸ್ ಕೊನೆಯ ಗಾಡಿ ಎಷ್ಟಕ್ಕೆ’ ಎಂದು ಕಂಡಕ್ಟರನ್ನು ಕೇಳಬೇಕು. ಊರೊಳಗೆ ‘ಪೈಲಟ್’ ಎಂಬ ಬೈಕ್ ಟ್ಯಾಕ್ಸಿಯವರು ಸಿಗುತ್ತಾರೆ. ಬಾಡಿಗೆ ಮೊದಲೇ ಮಾತಾಡಿಕೊಂಡು ಹತ್ತಿ. ಇನ್ನು, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹಳ್ಳಿಯ ಅಂಗಡಿಗಳಿಗೆ ಬಾಗಿಲು. ನೀರು, ಪಾವು ಅದಕ್ಕೂ ಮೊದಲೇ ಚೀಲದಲ್ಲಿರಲಿ.

4. ಜಾಗಕ್ಕಿಂತ ಮೊದಲು ತಿಂಗಳು ಆರಿಸಿ

ಮೇ ತಿಂಗಳಲ್ಲಿ ಗೋವಾಕ್ಕೆ ಹೋಗುತ್ತೇನೆ ಅಂದರೆ ಬೆವರಲ್ಲಿ ಬೇಯುತ್ತೀಯಾ ಎಂದು ಹೆದರಿಸುತ್ತಾರೆ. ಆದರೆ ಕುರ್ಡಿ ಎಂಬ ಊರು ಕಾಣುವುದೇ ಆಗ. ಸಾಳಾವಲಿ ಅಣೆಕಟ್ಟಿನ ಹಿನ್ನೀರಿನಲ್ಲಿ 1980ರ ದಶಕದಲ್ಲಿ ಮುಳುಗಿದ ಊರದು. ಬೇಸಿಗೆಯಲ್ಲಿ ನೀರು ಇಳಿದಾಗ ಮನೆಗಳ ಅಡಿಪಾಯ, ಮರದ ಬೊಡ್ಡೆ, ದಾರಿ, ಸೋಮೇಶ್ವರ ಗುಡಿ ಎಲ್ಲ ಬಿಸಿಲಿಗೆ ಬರುತ್ತವೆ. ಬೇರೆ ಕಡೆ ನೆಲೆ ನಿಂತ ಊರವರು ಆಗ ಮರಳಿ ಬಂದು ದೇವರ ಉತ್ಸವ ಮಾಡುತ್ತಾರೆ. ಮಳೆ ಹಿಡಿದರೆ ಊರು ಮತ್ತೆ ನೀರೊಳಗೆ.

ಸಂಗೀತ ಕೇಳುವ ಧಾರವಾಡದವರು ಕುರ್ಡಿಗೆ ಹೋಗಲೇಬೇಕು. ಮೋಗುಬಾಯಿ ಕುರ್ಡೀಕರ್ 1904ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಅಲ್ಲಾದಿಯಾ ಖಾನರ ಶಿಷ್ಯೆ, ಕಿಶೋರಿ ಅಮೋಣಕರರ ತಾಯಿ. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದು ಅದೇ ಅಲ್ಲಾದಿಯಾ ಖಾನರ ಮಕ್ಕಳ ಹತ್ತಿರ. ಒಡೆದ ಕೆಸರಿನ ನೆಲದಲ್ಲಿ ನೆರಳೆಂಬುದಿಲ್ಲ, ಅಂಗಡಿಯಂತೂ ಇಲ್ಲವೇ ಇಲ್ಲ. ಟೋಪಿ, ಕುಡಿಯುವ ನೀರು ಧಾರಾಳವಾಗಿ ಒಯ್ಯಿರಿ. ಇಲ್ಲಿದ್ದ ಕದಂಬರ ಕಾಲದ ಮಹಾದೇವ ಗುಡಿಯನ್ನು ಪುರಾತತ್ವದವರು ಕಲ್ಲುಕಲ್ಲಾಗಿ ಬಿಚ್ಚಿ ಅಣೆಕಟ್ಟಿನ ಹತ್ತಿರ ಮತ್ತೆ ಕಟ್ಟಿದ್ದಾರೆ, ಅದನ್ನೂ ಬಿಡಬೇಡಿ.

ಉಳಿದ ತಿಂಗಳುಗಳಿಗೂ ಒಂದೊಂದು ಇದೆ. ಆಗಸ್ಟಿನಲ್ಲಿ ದಿವಾಡಿ ದ್ವೀಪದ ಬೊಂದೇರಾ ಬಾವುಟದ ಹಬ್ಬ. ಕಾರ್ನಿವಲ್ ದಿನಗಳಲ್ಲಿ ಪಣಜಿಯ ಮೆರವಣಿಗೆ ಬಿಟ್ಟು ಚಾಂದೋರ್‌ಗೆ ಹೋದರೆ, ಕ್ರೈಸ್ತರು ಒನಕೆ ಹಿಡಿದು ಕುಣಿಯುವ ‘ಮುಸಳ್ ಖೇಳ್’ ಸಿಗುತ್ತದೆ. ವಿಜಯನಗರದ ಹರಿಹರನ ಗೆಲುವಿನ ನೆನಪಿಗೆ ಅಂತ ಊರವರ ಹೇಳಿಕೆ. ಚಾಂದೋರ್ ಅಂದರೆ ಕದಂಬರ ಚಂದ್ರಪುರ.

5. ಉಸಗಾಳಿಮಳದಲ್ಲಿ ಓರೆ ಬಿಸಿಲಿಗೆ ಕಾಯಿರಿ

ಸಾಂಗೆ ತಾಲ್ಲೂಕಿನ ರಿವಣದ ಆಚೆ ಕುಶಾವತಿ ಹೊಳೆಯ ದಂಡೆ. ಅಲ್ಲಿನ ಜಂಬಿಟ್ಟಿಗೆ ಹಾಸಿನ ಮೇಲೆ ಗೂಳಿ, ಜಿಂಕೆ, ನವಿಲು, ಸುತ್ತುಸುತ್ತಾದ ಚಕ್ರವ್ಯೂಹ ಹೀಗೆ ನೂರಕ್ಕೂ ಹೆಚ್ಚು ಗೀರುಚಿತ್ರಗಳಿವೆ. ದನ ಕಾಯುವವರು ಕೆತ್ತಿದ್ದು ಎಂದು ಊರವರು ಸುಮ್ಮನಿದ್ದರು. ಹೊರಜಗತ್ತಿಗೆ ತಿಳಿದದ್ದು 1993ರಲ್ಲಿ. ಎಷ್ಟು ಹಳೆಯದು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೊಂಕಣದ ಇಂಥ ಇತರ ತಾಣಗಳ ಜೊತೆ ಇದೂ 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದೆ.

ನಡುಮಧ್ಯಾಹ್ನ ಬಂದವರು ‘ಇಷ್ಟೇನಾ’ ಎಂದು ಹೊರಟುಬಿಡುತ್ತಾರೆ. ಗೀರುಗಳು ಆಳವಿಲ್ಲ, ನೆತ್ತಿಯ ಬಿಸಿಲಿಗೆ ಕಾಣುವುದಿಲ್ಲ. ಬೆಳಗಿನ ಅಥವಾ ಇಳಿಹೊತ್ತಿನ ಬಿಸಿಲು ಓರೆಯಾಗಿ ಬಿದ್ದಾಗ ಗೆರೆಗಳೊಳಗೆ ನೆರಳು ತುಂಬಿ, ಗೂಳಿಯ ಬೆನ್ನು, ಕೋಡು ಒಂದೊಂದಾಗಿ ಏಳುತ್ತವೆ. ಫೋಟೋಗೆ ಚೆನ್ನಾಗಿ ಬರಲಿ ಎಂದು ಸೀಮೆಸುಣ್ಣ ತುಂಬುವವರಿದ್ದಾರೆ, ದಯವಿಟ್ಟು ಬೇಡ. ಚಿತ್ರಗಳ ಮೇಲೆ ಬೂಟು ಹಾಕಿ ನಡೆಯುವುದೂ ಬೇಡ.

6. ದೇವರು ಹೋದ ದಾರಿಯಲ್ಲಿ ಫೆರಿ ಹತ್ತಿ

ನಡೆದು ಹತ್ತುವವರಿಗೆ ಗೋವಾದ ಸರ್ಕಾರಿ ಫೆರಿ ಪುಕ್ಕಟೆ. ಓಲ್ಡ್ ಗೋವಾದಿಂದ ದಿವಾಡಿಗೆ ದಾಟಿ, ದ್ವೀಪ ಹಾದು, ಇನ್ನೊಂದು ಫೆರಿಯಲ್ಲಿ ನಾರ್ವೆಗೆ ಹೋಗಿ. ಕದಂಬರು ತಮ್ಮ ಚಿನ್ನದ ನಾಣ್ಯದ ಮೇಲೆ ‘ಸಪ್ತಕೋಟೀಶ್ವರ ಲಬ್ಧ ವರಪ್ರಸಾದ’ ಎಂದು ಕೊರೆಸಿದ ದೇವರ ಗುಡಿ ದಿವಾಡಿಯಲ್ಲಿತ್ತು. ಪೋರ್ಚುಗೀಸರು ಕೆಡವಿದ ಮೇಲೆ ಲಿಂಗ ಹೊಳೆ ದಾಟಿತು. ಈಗಿನ ಗುಡಿಯನ್ನು 1668ರಲ್ಲಿ ಕಟ್ಟಿಸಿದವನು ಶಿವಾಜಿ. ದೀಪಸ್ತಂಭ, ಹೆಂಚಿನ ಮಾಡು, ಗುಮ್ಮಟ ಎಲ್ಲ ಒಂದೇ ಕಡೆ ಸೇರಿವೆ. ಗೋವಾದ ಇತಿಹಾಸ ಅರ್ಥವಾಗಲು ಓಲ್ಡ್ ಗೋವಾದ ಚರ್ಚುಗಳಷ್ಟೇ ಈ ಎರಡು ಫೆರಿಗಳೂ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

7. ಕನ್ನಡ ನಡೆಯುತ್ತದೆ

ಮಾರುಕಟ್ಟೆಯಲ್ಲಿ, ಕಟ್ಟಡ ಕೆಲಸದಲ್ಲಿ ಬಾಗಲಕೋಟೆ, ವಿಜಯಪುರ, ಗದಗದ ಕಡೆಯವರು ಬೇಕಾದಷ್ಟು. ತರಕಾರಿ ಮಾರುವಾಕೆಯನ್ನು ‘ಯಾವೂರ್ರೀ ಅಕ್ಕಾರ?’ ಎಂದು ಕೇಳಿ ನೋಡಿ. ‘ನಮ್ದು ಬದಾಮಿ ಕಡೀಗ್ರಿ, ಬಸ್ಸಿಗೆ ಇನ್ನಾ ವ್ಯಾಳೆ ಐತಿ, ಕುಂದರ್ರಿ’ ಅನ್ನುತ್ತಾರೆ. ಯಾವ ಆ್ಯಪೂ ಕೊಡದ ದಾರಿಯ ಸುದ್ದಿ ಅಲ್ಲಿ ಸಿಗುತ್ತದೆ. ಗೋವಾದವರ ಜೊತೆ ಕೊಂಕಣಿಯಲ್ಲಿ ನಾಲ್ಕು ಮಾತಾಡಿ, ಎರಡು ರಾಜ್ಯಗಳ ನಡುವಿನ ಮಹದಾಯಿ ನೀರಿನ ಜಗಳವನ್ನು ಮಾತ್ರ ನೀವಾಗಿ ತೆಗೆಯಬೇಡಿ. ಸಂಜೆ ಪೂರ್ತಿ ಅದರಲ್ಲೇ ಕಳೆಯುತ್ತದೆ.

8. ಹಳಿಯ ಮೇಲೆ ಕಾಲಿಡಬೇಡಿ

ದೂಧಸಾಗರ ನೋಡಲು ಕ್ಯಾಸಲ್‌ರಾಕ್‌ನಿಂದ ಹಳಿ ಹಿಡಿದು ನಡೆಯುವುದು ನಮ್ಮ ಕಡೆಯ ಹುಡುಗರ ಹಳೆಯ ಚಾಳಿ. ಸುರಂಗ, ತಿರುವು, ಮಂಜು ಇರುವ ಕಡೆ ರೈಲು ಬಂದದ್ದು ಗೊತ್ತಾಗುವುದಿಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಇದಕ್ಕೆ ದಂಡವೂ ಇದೆ, ಆರು ತಿಂಗಳವರೆಗೆ ಜೈಲೂ ಇದೆ. ಮಳೆಗಾಲ ಮುಗಿದ ಮೇಲೆ ಕುಳೆಂನಿಂದ ಅರಣ್ಯದೊಳಗೆ ಜೀಪು ಬಿಡುತ್ತಾರೆ, ಅದರಲ್ಲಿ ಹೋಗಿ. ಮಳೆಯಲ್ಲೇ ನೋಡಬೇಕೆಂದರೆ ಹಗಲು ಓಡುವ ರೈಲಿಗೆ ಟಿಕೆಟ್ ಮಾಡಿ ಕಿಟಕಿ ಪಕ್ಕ ಕುಳಿತುಕೊಳ್ಳಿ.