ಮಲೆನಾಡಿನ ಕೂಲಿ ಕುಟುಂಬಗಳ ಉಳಿತಾಯ
ತಾಳಗುಪ್ಪ ಸೀಮೆಯ ಜಮೀನುದಾರರಿಗೂ ಗ್ರಾಮದ ಮುಖಂಡರಿಗೂ ಕೆಲವು ಸೂಚನೆಗಳು

ಅಡಕೆಯ ತೋಟಕ್ಕೆ ಕೊಳೆರೋಗವು ಉಂಟುಮಾಡುವ ನಷ್ಟವನ್ನು ತಾಳಗುಪ್ಪ ಸೀಮೆಯ ತೋಟಗಾರರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ರೋಗವನ್ನು ಪರಿಶೋಧಿಸಿ, ಮೈಲುತುತ್ತ ಮತ್ತು ಸುಣ್ಣವನ್ನು ಬೆರಸಿದ ಬೋರ್ಡೋ ದ್ರಾವಣದಿಂದ ಅದನ್ನು ತಡೆಯುವ ಕ್ರಮವನ್ನು ಮಲೆನಾಡಿನಲ್ಲಿ ಬಳಕೆಗೆ ತಂದರು. ಈ ಉಪಾಯದ ಮರ್ಮವಿರುವುದು ಕಾಲದಲ್ಲಿ. ಮೊದಲನೆಯ ಸಿಂಪರಣೆಯನ್ನು ಮುಂಗಾರು ಮಳೆಯು ಹಿಡಿಯುವುದಕ್ಕೆ ಮುಂಚಿತವಾಗಿಯೇ ಮಾಡತಕ್ಕದ್ದು. ಕಾಯಿ ಕೊಳೆತು ಉದುರತೊಡಗಿದ ಮೇಲೆ ಮಾಡಿದ ಖರ್ಚು ಬಹುಮಟ್ಟಿಗೆ ವ್ಯರ್ಥವಾಗುವುದು.

ಅದೇ ತೋಟದಲ್ಲಿ ದುಡಿಯುವ ಕೂಲಿ ಕುಟುಂಬದ ಹಣಕಾಸಿನ ವಿಷಯವೂ ಹೀಗೆಯೇ ಇದೆ. ಮಳೆಗಾಲದ ಕಷ್ಟಕ್ಕೆ ಬೇಸಗೆಯೊಳಗಾಗಿಯೇ ಸಿದ್ಧತೆಯಾಗಬೇಕು. ಅದಕ್ಕೆ ಜಮೀನುದಾರರೂ ಮುಖಂಡರೂ ಯಾವ ರೀತಿ ನೆರವಾಗಬಹುದೆಂಬುದನ್ನು ಇಲ್ಲಿ ವಿವರಿಸಿದೆ.

1. ದುಡಿಮೆಯ ಕಾಲವೂ ಕೊರತೆಯ ಕಾಲವೂ

ಈ ಸೀಮೆಯಲ್ಲಿ ಭತ್ತದ ಕೊಯ್ಲು, ಒಕ್ಕಣೆ, ಅಡಕೆಯ ಕೊನೆ ಕೊಯ್ಲು, ಸುಲಿತ, ಬೇಯಿಸುವ ಕೆಲಸ ಇವೆಲ್ಲವೂ ಕಾರ್ತೀಕದಿಂದ ಫಾಲ್ಗುಣದವರೆಗೆ, ಎಂದರೆ ಸುಮಾರು 20 ವಾರಗಳಲ್ಲಿ, ಒಟ್ಟಾಗಿ ಬರುತ್ತವೆ. ಆಗ ಗಂಡಸರಿಗೂ ಹೆಂಗಸರಿಗೂ ಕೂಲಿಯುಂಟು. ನಾಟಿ ಮುಗಿದ ಮೇಲಾದರೋ ಬಿಡದೆ ಸುರಿಯುವ ಮಳೆಯಲ್ಲಿ ಅನೇಕ ದಿನಗಳು ಕೆಲಸವಿಲ್ಲದೆ ಕಳೆಯುತ್ತವೆ. ಮಕ್ಕಳ ಶಾಲೆಯ ಖರ್ಚು, ಸೋರುವ ಮಾಡಿನ ದುರಸ್ತಿ, ಜ್ವರದ ಔಷಧಿ, ಚೌತಿಯ ಹಬ್ಬ ಇವೆಲ್ಲವೂ ಬರುವುದು ಆ ತಿಂಗಳುಗಳಲ್ಲಿಯೇ. ವರ್ಷದ ಒಟ್ಟು ಆದಾಯವು ಸಾಕಾಗುವಂತಿದ್ದರೂ ಅದು ಬರುವ ಕಾಲವೂ ಬೇಕಾಗುವ ಕಾಲವೂ ಬೇರೆಯಾಗಿರುವುದರಿಂದ ಕುಟುಂಬವು ಸಾಲಕ್ಕೆ ಬೀಳುತ್ತದೆ.

2. ಸಾಲದ ಲೆಕ್ಕ

ಒಂದು ಕುಟುಂಬವು ಆಷಾಢದಲ್ಲಿ 10,000 ರೂಪಾಯಿಗಳನ್ನು ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿಯಂತೆ ಕೈಸಾಲ ಪಡೆದು ಪುಷ್ಯದಲ್ಲಿ ತೀರಿಸಿತೆಂದು ಎಣಿಸೋಣ. ಆರು ತಿಂಗಳ ಬಡ್ಡಿಯು 1,800 ರೂಪಾಯಿಗಳಾಗುವುದು. ಸುಗ್ಗಿಯ ಕೂಲಿಯಲ್ಲಿ 11,800 ರೂಪಾಯಿ ಸಾಲಕ್ಕೆ ಹೋದ ಮೇಲೆ ಮುಂದಿನ ಮಳೆಗಾಲಕ್ಕೆ ಏನೂ ಉಳಿಯದೆ ಪುನಃ ಸಾಲವೇ ಗತಿಯಾಗುವುದು.

ಅದೇ ಕುಟುಂಬದ ಗಂಡಹೆಂಡಿರಿಬ್ಬರೂ ಸುಗ್ಗಿಯ 20 ವಾರಗಳಲ್ಲಿ ವಾರಕ್ಕೆ ಐದು ದಿನ ದುಡಿದು, ಕೆಲಸದ ದಿನವೊಂದಕ್ಕೆ ತಲಾ 50 ರೂಪಾಯಿಯಂತೆ ತೆಗೆದಿಟ್ಟರೆ ವಾರಕ್ಕೆ 500 ರೂಪಾಯಿಯಾಗಿ, ಕಡೆಗೆ 10,000 ರೂಪಾಯಿಯಾಗುವುದು. ಮೊದಲನೆಯ ವರ್ಷದಲ್ಲಿ ಹಳೆಯ ಸಾಲವೂ ತೀರಬೇಕಾದುದರಿಂದ ಇಷ್ಟು ಸಾಧ್ಯವಾಗದಿರಬಹುದು. ಅದರ ಅರ್ಧವನ್ನು ಉಳಿಸಿದರೂ ಮುಂದಿನ ಸಾಲವೂ ಬಡ್ಡಿಯೂ ಅರ್ಧಕ್ಕಿಳಿಯುವುವು. ಎರಡು ಮೂರು ಸುಗ್ಗಿಗಳಲ್ಲಿ ಕುಟುಂಬವು ಋಣದಿಂದ ಹೊರಬರಬಹುದು.

3. ಬಟವಾಡೆಯ ದಿನವೇ ಉಳಿತಾಯದ ದಿನ

ಬಡವರಿಗೆ ಉಳಿಸುವ ಶಕ್ತಿಯಿಲ್ಲವೆಂಬ ಮಾತಿಗೆ ಉಡುಪಿಯ ಅನುಭವವು ಉತ್ತರವಾಗಿದೆ. 1925ರಲ್ಲಿ ಅಲ್ಲಿ ಸ್ಥಾಪಿತವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು ಡಾಕ್ಟರ್ ಟಿ. ಎಂ. ಎ. ಪೈಯವರ ಪ್ರಯತ್ನದಿಂದ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ದಿನಂಪ್ರತಿ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಹಣವನ್ನೂ ಸ್ವೀಕರಿಸುತ್ತಿದ್ದನು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ಅದು ಕಲಿಸಿದ ಪಾಠವು ಉಳಿದಿದೆ. ಹಣವು ಖರ್ಚಾಗಿ ಮಿಕ್ಕುದನ್ನು ಇಡುವೆವೆಂದರೆ ಏನೂ ಮಿಕ್ಕುವುದಿಲ್ಲ. ಹಣವು ಕೈಗೆ ಬಂದ ಕೂಡಲೇ, ಸಂತೆಗೆ ಹೋಗುವುದಕ್ಕೆ ಮುಂಚೆ, ಪಾಲನ್ನು ತೆಗೆದಿಡತಕ್ಕದ್ದು.

4. ಹಣವನ್ನು ಇಡತಕ್ಕ ಸ್ಥಳ

ಮಳೆಗಾಲದಲ್ಲಿ ಬೇಕಾಗುವ ಹಣವನ್ನು ಬೇಕೆಂದಾಗ ತೆಗೆಯಬಹುದಾದ ಉಳಿತಾಯ ಖಾತೆಯಲ್ಲಿಡುವುದು ಯುಕ್ತ. 2014ರಲ್ಲಿ ಪ್ರಾರಂಭವಾದ ಜನಧನ ಯೋಜನೆಯ ಖಾತೆಗೆ ಕನಿಷ್ಠ ಶಿಲ್ಕು ಇರಬೇಕೆಂಬ ನಿರ್ಬಂಧವಿಲ್ಲ. ಅಂಚೆ ಕಚೇರಿಯ ಉಳಿತಾಯ ಖಾತೆಯೂ ಭದ್ರವಾದದ್ದು; ಅದರಲ್ಲಿ 500 ರೂಪಾಯಿ ಇರಬೇಕಾಗುವುದು. ಹತ್ತು ವರ್ಷದೊಳಗಿನ ಹೆಣ್ಣುಮಗುವಿದ್ದಲ್ಲಿ ವರ್ಷಕ್ಕೆ 250 ರೂಪಾಯಿಯಿಂದಲೇ ಸುಕನ್ಯಾ ಸಮೃದ್ಧಿ ಖಾತೆಯನ್ನು ತೆರೆಯಬಹುದು. ಆದರೆ ಅದು ದೀರ್ಘಕಾಲದ ಠೇವಣಿಯಾದುದರಿಂದ ಮಳೆಗಾಲದ ಹಣವನ್ನು ಅದರಲ್ಲಿ ಸೇರಿಸಕೂಡದು.

ಒಂದು ವಿಷಯವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ, ಠೇವಣಿ ವಿಮೆಯ ರಕ್ಷಣೆಯುಂಟು. ವಿಮೆಗೊಳಪಟ್ಟ ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುವುದು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಮೊದಲಾದ ಸಹಕಾರ ಸಂಘಗಳಿಂದ ರೈತರಿಗಾದ ಉಪಕಾರವು ದೊಡ್ಡದು. ಆದರೂ ಕೂಲಿಗಾರನು ತನ್ನಲ್ಲಿರುವುದೆಲ್ಲವನ್ನೂ ವಿಮೆಯಿಲ್ಲದ ಒಂದೇ ಸ್ಥಳದಲ್ಲಿಡುವುದು ವಿವೇಕವಲ್ಲ. ನೋಂದಣಿಯಿಲ್ಲದ ಚೀಟಿಗಳಿಂದ ದೂರವಿರಬೇಕು.

5. ಮೇ ತಿಂಗಳ ಕಡೆಯ 456 ರೂಪಾಯಿ

ಮರವೇರುವ ಕೊನೆಗಾರನ ಕೆಲಸವು ಅಪಾಯದ್ದು. ಜಾರುವ ಮರದಿಂದ ಒಮ್ಮೆ ಬಿದ್ದರೆ ಅನೇಕ ವರ್ಷಗಳ ಉಳಿತಾಯವೂ ಸಾಲದು. ಇದಕ್ಕಾಗಿ 2015ರಲ್ಲಿ ಎರಡು ವಿಮೆಗಳು ಜಾರಿಗೆ ಬಂದವು. ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರಿಗೆ ವಾರ್ಷಿಕ 20 ರೂಪಾಯಿ ಕಂತಿಗೆ, ಅಪಘಾತದಿಂದ ಮರಣವಾದರೂ ಪೂರ್ಣ ಅಂಗವೈಕಲ್ಯವಾದರೂ 2 ಲಕ್ಷ ರೂಪಾಯಿ, ಒಂದು ಕೈ, ಕಾಲು ಅಥವಾ ಕಣ್ಣು ಶಾಶ್ವತವಾಗಿ ನಷ್ಟವಾದರೆ 1 ಲಕ್ಷ ರೂಪಾಯಿ ದೊರಕುವುದು. ಆಸ್ಪತ್ರೆಯ ವೆಚ್ಚವು ಇದರಲ್ಲಿ ಸೇರಿಲ್ಲ. ಜೀವನ ಜ್ಯೋತಿ ಬಿಮಾ ಯೋಜನೆಗೆ 18ರಿಂದ 50 ವರ್ಷದವರು ಸೇರಬಹುದು. 436 ರೂಪಾಯಿ ಕಂತಿಗೆ, ಯಾವ ಕಾರಣದಿಂದ ಮರಣವಾದರೂ, 2 ಲಕ್ಷ ರೂಪಾಯಿ ವಾರಸುದಾರರಿಗೆ ಸಲ್ಲುವುದು. ಹೊಸದಾಗಿ ಸೇರಿದವರಿಗೆ ಮೊದಲ 30 ದಿನಗಳಲ್ಲಿ ಅಪಘಾತದ ಮರಣಕ್ಕೆ ಮಾತ್ರ ಇದು ಅನ್ವಯಿಸುವುದು.

ಈ ವಿಮೆಗಳ ವರ್ಷವು ಜೂನ್ 1ರಂದು ಮೊದಲಾಗಿ ಮೇ 31ರಂದು ಮುಗಿಯುವುದು. ಕಂತು ಖಾತೆಯಿಂದ ತಾನಾಗಿಯೇ ಕಳೆಯಲ್ಪಡುವುದರಿಂದ ಮೇ ತಿಂಗಳ ಕಡೆಯ ವಾರದಲ್ಲಿ ಖಾತೆಯು ಬರಿದಾಗಿದ್ದರೆ ವಿಮೆಯು ಮಳೆಗಾಲದ ಬಾಗಿಲಲ್ಲಿಯೇ ತಪ್ಪಿಹೋಗುವುದು. ಆದಕಾರಣ ಆ ವಾರದಲ್ಲಿ 456 ರೂಪಾಯಿ ಖಾತೆಯಲ್ಲಿರುವಂತೆ ನೋಡಿಕೊಳ್ಳತಕ್ಕದ್ದು. ಮೇಲೆ ಹೇಳಿದ 1,800 ರೂಪಾಯಿ ಬಡ್ಡಿಯು ಒಬ್ಬನಿಗೆ ಈ ಎರಡು ವಿಮೆಗಳ ಸುಮಾರು ನಾಲ್ಕು ವರ್ಷದ ಕಂತಿಗೆ ಸಮನೆಂಬುದನ್ನು ನೆನೆಯಬೇಕು.

6. ಜಮೀನುದಾರರು ಮಾಡತಕ್ಕದ್ದು

(ಅ) ಬಟವಾಡೆಯನ್ನು ವಾರವಾರವೂ ಗೊತ್ತಾದ ದಿನದಲ್ಲಿ ಮಾಡಬೇಕು. ಅಡಕೆ ಮಾರಾಟವಾದ ಮೇಲೆ ಕೊಡುವೆನೆಂದು ಕೂಲಿಯನ್ನು ತಡೆದರೆ ಕೂಲಿಗಾರನು ಸಾಲಗಾರನ ಮನೆಗೆ ಹೋಗುವನು.

(ಆ) ಕೆಲಸದ ದಿನಗಳು, ಸುಲಿದ ಅಡಕೆಯ ಅಳತೆ, ಕೊಟ್ಟ ಹಣ, ಇವುಗಳನ್ನು ಎರಡು ಪುಸ್ತಕಗಳಲ್ಲಿ ಬರೆದು ಒಂದನ್ನು ಕೂಲಿಗಾರನ ಕೈಯಲ್ಲಿಡಬೇಕು. ಇದೇ ತಾಲ್ಲೂಕಿನಲ್ಲಿ ನಡೆದ 1951ರ ಕಾಗೋಡು ಸತ್ಯಾಗ್ರಹವು ಗೇಣಿಯ ಭತ್ತವನ್ನಳೆಯುವ ಕೊಳಗದ ವಿವಾದದಿಂದ ಬೆಳೆದದ್ದನ್ನು ಹಿರಿಯರು ಬಲ್ಲರು. ಅಳತೆಯಲ್ಲಿ ನಂಬಿಕೆಯಿಲ್ಲದ ಕಡೆ ಸ್ನೇಹವು ನಿಲ್ಲದು.

(ಇ) ಕೂಲಿಗಾರನ ಉಳಿತಾಯವನ್ನು ತಮ್ಮಲ್ಲಿ ಇಟ್ಟುಕೊಳ್ಳಕೂಡದು. ಅದು ಅವನ ಅಥವಾ ಅವಳ ಹೆಸರಿನ ಖಾತೆಯಲ್ಲಿಯೇ ಇರಬೇಕು. ಹೆಂಡತಿಯ ಕೂಲಿಯನ್ನು ಹೆಂಡತಿಯ ಕೈಗೇ ಕೊಡಬೇಕು.

(ಈ) ಮಳೆಗಾಲದಲ್ಲಿ ಮುಂಗಡ ಕೊಟ್ಟು, ಅದು ತೀರುವವರೆಗೆ ಬೇರೆ ಕಡೆ ಕೆಲಸಕ್ಕೆ ಹೋಗದಂತೆ ಕಟ್ಟಿಹಾಕುವುದು ಜೀತವೆನಿಸುವುದು. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯಂತೆ ಅಂಥ ಸಾಲವೇ ರದ್ದಾಗುವುದಲ್ಲದೆ ಮೂರು ವರ್ಷಗಳವರೆಗೆ ಸೆರೆವಾಸವೂ ಜುಲ್ಮಾನೆಯೂ ವಿಧಿಸಲ್ಪಡಬಹುದು. ಸಾಲದಿಂದ ಹಿಡಿದ ಆಳು ಸಾಲ ತೀರಿದ ದಿನವೇ ಬಿಟ್ಟುಹೋಗುವನು; ನೆಲೆಯೂರಿದ ಕುಟುಂಬವು ವರ್ಷ ವರ್ಷವೂ ತೋಟಕ್ಕೆ ಬರುವುದು. ಕೊನೆಗಾರರು ದುರ್ಲಭರಾಗಿರುವ ಈ ಕಾಲದಲ್ಲಿ ಇದು ಜಮೀನುದಾರರಿಗೇ ಲಾಭ.

7. ಗ್ರಾಮದ ಮುಖಂಡರು ಮಾಡತಕ್ಕದ್ದು

ಖಾತೆಯಿಲ್ಲದ ಮನೆಗಳನ್ನು ಗುರುತಿಸಿ, ಬ್ಯಾಂಕಿನವರನ್ನೋ ಅಂಚೆಯವರನ್ನೋ ಬಟವಾಡೆಯ ದಿನ ಊರಿಗೆ ಬರಮಾಡಿಕೊಳ್ಳಬಹುದು. ಹೆಬ್ಬೆಟ್ಟಿನ ಗುರುತಿನಿಂದ ಹಣ ಕಟ್ಟಿದವರು ಅಥವಾ ತೆಗೆದವರು ರಸೀತಿಯನ್ನು ಪಡೆದು ಪಾಸುಪುಸ್ತಕದಲ್ಲಿ ದಾಖಲು ಮಾಡಿಸುವಂತೆ ಎಚ್ಚರಿಸಬೇಕು. ಹೆಂಗಸರ ಸ್ವಸಹಾಯ ಸಂಘವಿದ್ದಲ್ಲಿ ವಾರದ ಉಳಿತಾಯವು ತಪ್ಪದೆ ನಡೆಯುವಂತೆಯೂ, ಲೆಕ್ಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದುವಂತೆಯೂ ಪ್ರೋತ್ಸಾಹಿಸಬೇಕು. ಕಿರುಸಾಲದವರು ಬಲಾತ್ಕಾರದಿಂದ ವಸೂಲಿ ಮಾಡುವುದನ್ನು ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಜಾರಿಗೆ ಬಂದಿದೆ. ಅಂಥ ಕಿರುಕುಳವಾದರೆ ಪೊಲೀಸರಿಗೆ ತಿಳಿಸಲು ನೊಂದವರಿಗೆ ಧೈರ್ಯ ಹೇಳಬೇಕು.

ಕೆಲಸವನ್ನು ಊರೆಲ್ಲಕ್ಕೂ ಒಮ್ಮೆಲೇ ಹಬ್ಬಿಸಬೇಕಾಗಿಲ್ಲ. ಬರುವ ಕಾರ್ತೀಕದಲ್ಲಿ ಕೊನೆ ಕೊಯ್ಲಿಗೆ ಕತ್ತಿ ಮಸೆಯುವ ಹೊತ್ತಿಗೆ ಪ್ರತಿಯೊಬ್ಬ ಜಮೀನುದಾರನೂ ತನ್ನ ತೋಟದ ಎರಡು ಕುಟುಂಬಗಳಿಗೆ ಕೂಲಿಯ ಪುಸ್ತಕವನ್ನು ಕೊಟ್ಟು, ಮೊದಲನೆಯ ಬಟವಾಡೆಯಂದೇ ಖಾತೆಗೆ ಹಣ ಕಟ್ಟಿಸಲಿ. ಮುಂದಿನ ಆಷಾಢದಲ್ಲಿ ಆ ಎರಡು ಮನೆಗಳವರು ಎಷ್ಟು ಸಾಲ ಮಾಡಿದರೆಂಬುದನ್ನು ಹಿಂದಿನ ವರ್ಷದ ಸಾಲದೊಡನೆ ಹೋಲಿಸಿ ನೋಡಿದರೆ ಈ ಕ್ರಮದ ಪ್ರಯೋಜನವು ಸ್ಪಷ್ಟವಾಗುವುದು.