ಹೊಸ ಗರಗಸಕ್ಕೆ ದುಡ್ಡು ಹಾಕುವ ಮುಂಚೆ

ತಮ್ಮಾ, ಮನೆಯ ಟೇಬಲ್ ಸಾ ಬದಲಾಯಿಸಬೇಕು ಅಂತಿದ್ದೀಯ. ಬದಲಾಯಿಸು, ಆದರೆ ಹಳೆಯದರ ಮೇಲೆ ನಿನ್ನ ದೂರು ಏನು ಅಂತ ಮೊದಲು ಬಿಡಿಸಿ ಹೇಳು. ‘ಕುಯ್ತ ಸರಿ ಬರುತ್ತಿಲ್ಲ’ ಅಂದರೆ ಸಾಲದು. ಪ್ಲೈವುಡ್ಡಿನ ಮೇಲ್ಪದರ ಸಿಬಿರೇಳುತ್ತಿದೆಯಾ, ತೇಗದ ದಪ್ಪ ಹಲಗೆಗೆ ಮೋಟರ್ ನರಳುತ್ತಿದೆಯಾ, ಅಂಚು ಸುಟ್ಟು ಕಪ್ಪಾಗುತ್ತಿದೆಯಾ?

ಸಿಬಿರೇಳುವುದು ಹೆಚ್ಚಾಗಿ ಬ್ಲೇಡಿನಿಂದ. 24 ಹಲ್ಲಿನ ಬ್ಲೇಡು ಇರುವುದು ಮರವನ್ನು ಉದ್ದಕ್ಕೆ ಸೀಳಲು. ಪ್ಲೈಗೆ 60 ಅಥವಾ 80 ಹಲ್ಲಿನದು ಬೇಕು. ಆ 80 ಹಲ್ಲಿನದನ್ನೇ ಬಿಟ್ಟು ತೇಗ ಸೀಳಲು ಹೋದರೆ ಎಂಥ ಮೋಟರೂ ನರಳುತ್ತದೆ. ಹಲ್ಲಿಗೆ ಮರದ ಅಂಟು ಮೆತ್ತಿಕೊಂಡಿದ್ದರೂ ಅಷ್ಟೇ, ತೊಳೆದು ನೋಡು.

ಅಂಚು ಸುಡುತ್ತಿದ್ದರೆ ಪ್ಲಗ್ ಕಿತ್ತು, ಬ್ಲೇಡನ್ನು ಪೂರ್ತಿ ಮೇಲೆತ್ತು. ಮುಂದಿರುವ ಒಂದು ಹಲ್ಲಿಗೆ ಪೆನ್ನಿನಿಂದ ಗುರುತು ಹಾಕಿ, ಮೈಟರ್ ಸ್ಲಾಟಿನ ಅಂಚಿನಿಂದ ಅದು ಎಷ್ಟು ದೂರ ಅಂತ ಅಳೆದುಕೋ. ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆ. ಬೇರೆ ಹಲ್ಲು ಬೇಡ. ಬ್ಲೇಡೇ ತುಸು ಸೊಟ್ಟಗಿದ್ದರೆ ಅಳತೆ ಸುಳ್ಳಾಗುತ್ತದೆ. ಕಾಲು ಮಿಲಿಮೀಟರ್ ವ್ಯತ್ಯಾಸ ಬಂದರೂ ಅಂಚು ಸುಡಲು ಅಷ್ಟು ಸಾಕು. ಬೋಲ್ಟು ಸಡಿಲಿಸಿ ಬ್ಲೇಡನ್ನು ಸ್ಲಾಟಿನ ನೇರಕ್ಕೆ ತಾ, ಆಮೇಲೆ ಫೆನ್ಸನ್ನೂ ಹೊಂದಿಸು. ಇದಕ್ಕೆ ಹೋಗುವುದು ಒಂದು ಸಂಜೆ ಮಾತ್ರ.

ಆದರೆ ಒಂದು ಕೊರತೆಯಿದ್ದರೆ ರಿಪೇರಿಯ ಮಾತೇ ಬೇಡ. ಸೀಳುವಾಗ ಮರದೊಳಗಿನ ಬಿಗಿ ಬಿಟ್ಟುಕೊಂಡು, ಎರಡು ಹೋಳೂ ಬ್ಲೇಡಿನ ಹಿಂದೆ ಕೂಡಿಕೊಳ್ಳುತ್ತವೆ. ಹಿಂದಿನ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಏಳುವವು. ಹಲಗೆಯನ್ನು ಕಚ್ಚಿದರೆ ಎತ್ತಿ ನಿನ್ನ ಮೇಲೇ ಎಸೆಯುತ್ತವೆ. ನಿಮಿಷಕ್ಕೆ 4000 ಸುತ್ತು ತಿರುಗುವ 10 ಇಂಚಿನ ಬ್ಲೇಡಿನ ಹಲ್ಲು ಓಡುವ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಆ ಸೀಳು ಮುಚ್ಚಿಕೊಳ್ಳದಂತೆ ತಡೆಯುವುದು ಬ್ಲೇಡಿನ ಬೆನ್ನಿಗೇ ನಿಂತ ರೈವಿಂಗ್ ನೈಫ್. ಅದನ್ನು ಕೂರಿಸಲು ಜಾಗವೇ ಇಲ್ಲದ ಯಂತ್ರ ನಿನ್ನದಾಗಿದ್ದರೆ ಇವತ್ತೇ ಬದಲಾಯಿಸು. ಮಾರ್ಬಲ್ ಕಟರನ್ನು ತಲೆಕೆಳಗು ಮಾಡಿ ಪ್ಲೈ ಮೇಜಿಗೆ ಬಿಗಿದು, ಸ್ವಿಚ್ಚಿಗೆ ದಾರ ಕಟ್ಟಿ ಓಡಿಸುವವರನ್ನು ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬೆರಳು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ.

8x4 ಹಾಳೆ ಕುಯ್ಯಬೇಕೆಂದು ದೊಡ್ಡ ಯಂತ್ರದ ಆಸೆ ಪಡಬೇಡ. 18 ಮಿಲಿಮೀಟರ್ ಪ್ಲೈ ಹಾಳೆಯೊಂದು 30 ಕಿಲೊ ದಾಟುತ್ತದೆ, ಒಬ್ಬನೇ ತಳ್ಳುವ ಮಾತಲ್ಲ. ನೆಲದ ಮೇಲೆ ಥರ್ಮಾಕೋಲ್ ಹಾಸಿ, ಅಳತೆಪಟ್ಟಿ ಬಿಗಿದು ಕೈಗರಗಸದಲ್ಲಿ ತುಂಡು ಮಾಡಿಕೋ. 3 ಎಚ್‌ಪಿ ಮೋಟರ್ ತರುವೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಪ್ರತ್ಯೇಕ ಲೈನ್ ಎಳೆಸು. ಹೊಟ್ಟು ಎಳೆಯುವ ವ್ಯಾಕ್ಯೂಮಿಗೂ ದುಡ್ಡು ಎತ್ತಿಡು. ಮರದ ಧೂಳು ಕ್ಯಾನ್ಸರ್ ತರುತ್ತದೆ ಅನ್ನುವುದು ಸಾಬೀತಾಗಿರುವ ವಿಷಯ.

ಇಷ್ಟಾದ ಮೇಲೂ ಹೊಸದು ಬೇಕೆನಿಸಿದರೆ ಅಂಗಡಿಗೆ ಹೋಗಿ ಫೆನ್ಸನ್ನು ಲಾಕ್ ಮಾಡು, ಅದರ ಆ ಕೊನೆಯನ್ನು ಒಂದೇ ಬೆರಳಿನಿಂದ ಪಕ್ಕಕ್ಕೆ ಒತ್ತು. ಅಲುಗಿತೋ, ಎಷ್ಟು ರಿಯಾಯಿತಿ ಕೊಟ್ಟರೂ ಬಿಟ್ಟು ಬಾ.