ಇವತ್ತು ರಾತ್ರಿ ಯಾರಿರ್ತಾರೆ?

ಪ್ರಶ್ನೆ: ಅಕ್ಕಾ, ನನಗೆ 29 ವರ್ಷ. ಎಂಎಸ್‌ಡಬ್ಲ್ಯು ಓದಿ, ಜಿಲ್ಲಾ ಮಾನಸಿಕ ಆರೋಗ್ಯ ತಂಡವೊಂದರಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುತ್ತಿದ್ದೇನೆ. ಆಸ್ಪತ್ರೆಗೆ ಬರಲು ಒಪ್ಪದವರ, ಬರಲಾಗದವರ ಮನೆಗೆ ನಾವೇ ಹೋಗುತ್ತೇವೆ. ಒಳಗಿನಿಂದ ಚಿಲಕ ಹಾಕಿಕೊಂಡು ಮೂರು ದಿನದಿಂದ ಉಣ್ಣದವರು, ಗುಳಿಗೆ ಬಿಟ್ಟು ಊರೆಲ್ಲ ತಿರುಗುವವರು, ಸಾಯುತ್ತೇನೆಂದು ಹೊಲದ ಕಡೆ ಹೊರಟವರು. ಊರಿನ ಆಶಾ ಕಾರ್ಯಕರ್ತೆಯ ಫೋನ್ ಬಂತೆಂದರೆ ಜೀಪು ಹತ್ತುವುದೇ. ಈ ಕೆಲಸ ನನಗೆ ಇಷ್ಟ.

ಶ್ರಾವಣದಲ್ಲಿ ಒಂದು ಗುರುವಾರ ಒಬ್ಬ ರೈತರ ಮನೆಗೆ ಹೋಗಿದ್ದೆ. ಸಾಲ, ಮಗಳ ಮದುವೆ, ತಿಂಗಳಿಂದ ನಿದ್ದೆ ಇಲ್ಲ. ಸಾಯುವ ಯೋಚನೆ ಬರುತ್ತದೆಯೇ ಎಂದು ಕೇಳಿದೆ. ‘ಬರ್ತದ’ ಅಂದರು. ತಾಸುಗಟ್ಟಲೆ ಮಾತಾಡಿದರು, ಅತ್ತರು, ಹಗುರಾದಂತೆ ಕಂಡರು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಅಂದು ಬರುತ್ತೇನೆಂದು ಮಾತು ಕೊಟ್ಟರು. ಅವರ ಹೆಂಡತಿ ಚಹಾ ಕೊಟ್ಟು, ಜೀಪಿನವರೆಗೆ ಬಂದು ಕಳಿಸಿದರು. ಭಾನುವಾರ ಬೆಳಗಿನ ಜಾವ ಅವರು ಬೆಳೆಗೆ ಹೊಡೆಯುವ ಎಣ್ಣೆ ಕುಡಿದರು. ಉಳಿಯಲಿಲ್ಲ. ಮನೆಯಲ್ಲಿ ಎಣ್ಣೆ ಇದೆಯೇ ಎಂದು ನಾನು ಕೇಳಿರಲಿಲ್ಲ.

ಆಮೇಲೆ ಹೋದ ಮನೆಗಳಲ್ಲೆಲ್ಲ ನನ್ನ ಸ್ವಂತ ನಂಬರ್ ಕೊಟ್ಟು ಬಂದಿದ್ದೇನೆ. ರಾತ್ರಿ ಎರಡಕ್ಕೂ ಫೋನ್ ಬರುತ್ತದೆ. ಬರದಿದ್ದರೂ ಬಂತೇನೋ ಎಂದು ಎದ್ದು ನೋಡುತ್ತೇನೆ. ಊಟ ಸೇರುವುದಿಲ್ಲ. ಜೊತೆಯವರು ಮನಸ್ಸಿಗೆ ಹಚ್ಚಿಕೊಳ್ಳಬೇಡ ಅನ್ನುತ್ತಾರೆ, ಮನೆಯವರು ಕೆಲಸ ಬಿಡು ಅನ್ನುತ್ತಾರೆ. ಆ ಮನೆಯ ಕಡೆ ಮತ್ತೆ ಹೋಗುವ ಧೈರ್ಯ ಆಗಿಲ್ಲ. ತಪ್ಪು ನನ್ನದೇ ಅಲ್ಲವೇ ಅಕ್ಕಾ? ಇರಲೇ, ಬಿಡಲೇ?

– ಹೆಸರು ಬೇಡ, ಉತ್ತರ ಕರ್ನಾಟಕ

ಉತ್ತರ: ಎಣ್ಣೆಯ ಬಗ್ಗೆ ಕೇಳಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮಗೂ ಅದು ಗೊತ್ತಿದೆ. ಹಾಗೇನಿಲ್ಲ ಎಂದು ನಾನು ಸಮಾಧಾನ ಮಾಡಲು ಹೊರಟರೆ ಮುಂದಿನ ಯಾವ ಮಾತನ್ನೂ ನೀವು ನಂಬುವುದಿಲ್ಲ. ಕೇಳಿದ್ದರೆ ಅವರು ಉಳಿಯುತ್ತಿದ್ದರೇ? ಅದನ್ನು ನಾನೂ ಹೇಳಲಾರೆ, ನೀವೂ ಹೇಳಲಾರಿರಿ. ಒಂದು ಪ್ರಶ್ನೆ ಬಿಟ್ಟುಹೋಯಿತು ಎನ್ನುವುದು ಬೇರೆ, ಒಂದು ಜೀವ ನನ್ನಿಂದ ಹೋಯಿತು ಎನ್ನುವುದು ಬೇರೆ. ಶ್ರಾವಣ ಕಳೆದು ದೀಪಾವಳಿ ಬಂದರೂ ನೀವು ಎರಡನ್ನೂ ಒಂದೇ ಗಂಟು ಕಟ್ಟಿ ಹೊತ್ತು ತಿರುಗುತ್ತಿದ್ದೀರಿ. ಆ ಸಾಲ ನೀವು ಹೊರಿಸಿದ್ದಲ್ಲ. ನಿದ್ದೆಗೆಟ್ಟ ಆ ಮನುಷ್ಯನ ಎದುರು ಕೂತು, ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದವರು ಬಹುಶಃ ನೀವೊಬ್ಬರೇ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂದು ಓದಿದವರೂ ಹೆದರುತ್ತಾರೆ. ಹೊಕ್ಕುವುದಿಲ್ಲ. ಯಾರಿಗೂ ಹೇಳಲಾಗದ್ದನ್ನು ಒಬ್ಬರು ಕೇಳಿದರಲ್ಲ ಎಂದು ಎದೆಯ ಭಾರ ಇಳಿಯುತ್ತದೆ. ಗುರುವಾರ ನೀವು ಕಂಡ ಆ ಹಗುರ ಸುಳ್ಳಾಗಿರಲಿಲ್ಲ. ಆದರೆ ಭಾನುವಾರದ ಬೆಳಗಿನ ಜಾವಕ್ಕೆ ಅದು ಸಾಲಲಿಲ್ಲ.

ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಡೆದದ್ದು ಹೇಳುತ್ತೇನೆ. ನಿಮ್ಮ ಸೀಮೆಯದೇ ಒಂದು ಹಳ್ಳಿ. ಇಪ್ಪತ್ತರ ಆಚೀಚಿನ ಹುಡುಗ, ದನದ ಕೊಟ್ಟಿಗೆಯ ಕಂಬಕ್ಕೆ ಕಾಲಿಗೆ ಸರಪಳಿ. ಕಣಕಾಲಿನ ಸುತ್ತ ಚರ್ಮ ಕಪ್ಪಗೆ ದಪ್ಪಗಟ್ಟಿತ್ತು. ಉಜ್ಜದಿರಲಿ ಎಂದು ತಾಯಿ ಹಳೇ ಸೀರೆಯ ಚೂರು ಸುತ್ತಿದ್ದಳು. ನನಗೆ ಆ ಬಟ್ಟೆ ಕಾಣಲಿಲ್ಲ, ಸರಪಳಿಯಷ್ಟೇ ಕಂಡಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸುಟ್ಟುಹೋದದ್ದು ನನ್ನ ತಲೆಯಲ್ಲಿತ್ತು. ಅಂಗಳದಲ್ಲೇ ನಿಂತು ತಾಯಿಗೆ ಜೋರು ಮಾಡಿದೆ. ಆಕೆ ಎದುರಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಕೀಲಿಕೈ ತೆಗೆದು ನನ್ನ ಮುಂದೆ ಹಿಡಿದಳು. ‘ತಗೀರಿ ಯವ್ವಾ. ಆದ್ರ ಇವತ್ತ್ ರಾತ್ರಿ ನೀವ್ ಇಲ್ಲೇ ಇರ್ತೀರೇನು?’

ನನ್ನಲ್ಲಿ ಉತ್ತರವಿರಲಿಲ್ಲ. ಕೀಲಿಕೈ ಮುಟ್ಟದೆ ವಾಪಸು ಬಂದೆ. ಮರುದಿನ ವೈದ್ಯರನ್ನೂ ಗಾಡಿಯನ್ನೂ ಕರೆದುಕೊಂಡು ಹೋಗಿ ಹುಡುಗನನ್ನು ಆಸ್ಪತ್ರೆಗೆ ತಂದೆವು. ಆದರೆ ಆ ಒಂದು ರಾತ್ರಿ ಅವನು ಸರಪಳಿಯಲ್ಲೇ ಇದ್ದ. ಆಕೆ ಕೇಳಿದ್ದನ್ನೇ ಅಂದಿನಿಂದ ನಾನು ಪ್ರತಿ ಮನೆಯಿಂದ ಹೊರಡುವ ಮುಂಚೆ ಕೇಳುತ್ತೇನೆ: ಇವತ್ತು ರಾತ್ರಿ ಯಾರಿರ್ತಾರೆ?

ನಮ್ಮ ಕೆಲಸವೆಂದರೆ ಇದೇ. ಮನೆಯೊಳಗೆ ಹೋಗಿ ಮನಸ್ಸು ತಿರುಗಿಸಿ ಬರುತ್ತೇವೆ ಎಂದು ಜನ ತಿಳಿಯುತ್ತಾರೆ, ನಾವೂ ಒಮ್ಮೊಮ್ಮೆ ಹಾಗೇ ತಿಳಿಯುತ್ತೇವೆ. ಒಂದೆರಡು ತಾಸಿನಲ್ಲಿ ಯಾರ ಬದುಕೂ ತಿರುಗುವುದಿಲ್ಲ. ನಾವು ಹೊರಟ ಮೇಲಿನ ರಾತ್ರಿಗಳಿಗೆ ಒಂದು ವ್ಯವಸ್ಥೆ ಮಾಡಿ ಬರಬಹುದು, ಅಷ್ಟೇ. ಪಕ್ಕದಲ್ಲಿ ಮಲಗುವವರು ಯಾರು? ಮಂಗಳವಾರ ಬಸ್ಸಿಗೆ ಹತ್ತಿಸುವವರು ಯಾರು? ಎಣ್ಣೆ ಡಬ್ಬಿ ಯಾರ ಮನೆಗೆ ಹೋಗಬೇಕು? ಕ್ರಿಮಿನಾಶಕ ಇದೆಯೇ ಎಂದು ಪುಸ್ತಕದ ಭಾಷೆಯಲ್ಲಿ ಕೇಳಿದರೆ ಇಲ್ಲ ಅನ್ನುತ್ತಾರೆ. ‘ಎಣ್ಣಿ ಡಬ್ಬಿ ಎಲ್ಲಿ ಇಟ್ಟೀರಿ’ ಅನ್ನಿ, ಹೆಂಡತಿ ಎದ್ದು ಹೋಗಿ ಬೀಜದ ಚೀಲದ ಹಿಂದಿನಿಂದ ತಂದು ತೋರಿಸುತ್ತಾಳೆ. ಸಾಯುವ ತವಕ ಎಷ್ಟೋ ಜನರಲ್ಲಿ ಸ್ವಲ್ಪ ಹೊತ್ತಿನದು, ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ದಾಟಿಬಿಡುತ್ತಾರೆ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದ ಮೇಲೆ, 1995ರಲ್ಲಿದ್ದ ಆತ್ಮಹತ್ಯೆಯ ಪ್ರಮಾಣ ಎರಡು ದಶಕದಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತು.

ಮನೆಯವರನ್ನು ಜೊತೆಗಿಟ್ಟುಕೊಳ್ಳುವುದು ಹೊಸ ಮಾತಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಇರುವಂತೆ ಮಾಡಿದರು. ನಿಮ್ಮ ಜಿಲ್ಲಾ ಕಾರ್ಯಕ್ರಮಕ್ಕೂ ಬೇರು ನಮ್ಮಲ್ಲೇ ಇದೆ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ನೋಡಿದ್ದನ್ನೇ ಮಾದರಿಯಾಗಿಟ್ಟುಕೊಂಡು 1996ರಿಂದ ಇದು ಹಂತಹಂತವಾಗಿ ದೇಶಕ್ಕೆಲ್ಲ ಬಂತು.

ಒಮ್ಮೊಮ್ಮೆ ಮನೆಯಲ್ಲಿ ರಾತ್ರಿ ಕಳೆಯುವಂತೆಯೇ ಇರುವುದಿಲ್ಲ. ಆಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಾಯಿಪಾಠವಿರಲಿ. ‘ನಮ್ಮಲ್ಲಿ ಮನೋವೈದ್ಯರಿಲ್ಲ, ಧಾರವಾಡದ ಮಾನಸಿಕ ಆಸ್ಪತ್ರೆಗೆ ಒಯ್ಯಿರಿ’ ಎಂದು ಆಸ್ಪತ್ರೆಯವರು ಬಾಗಿಲಲ್ಲೇ ಕಳಿಸಿದರೆ 94ನೇ ಕಲಂ ನೆನಪಿಸಿ. ಪ್ರಾಣಾಪಾಯ ಇದ್ದಾಗ ನೋಂದಾಯಿತ ವೈದ್ಯರು ಯಾರೇ ಆಗಲಿ ತುರ್ತು ಚಿಕಿತ್ಸೆ ಕೊಡಬಹುದು. ರೋಗಿಯ ಪರ ನಿಂತ ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ಬೇಕು, ಅವಧಿ ಹೆಚ್ಚೆಂದರೆ 72 ಗಂಟೆ. ಬೀದಿಯಲ್ಲಿ ಅಲೆಯುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತರಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ವಿಷ ಕುಡಿದವರನ್ನು ಕೇಸಿಗೆ ಹೆದರಿ ಬಚ್ಚಿಡುವ ಮನೆಯವರಿಗೂ ಹೇಳಿ: ಅವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ, ಶಿಕ್ಷಿಸುವುದಿಲ್ಲ.

ಇನ್ನು ನಿಮ್ಮ ಫೋನು. ಮನೆಮನೆಗೂ ಸ್ವಂತ ನಂಬರ್ ಕೊಟ್ಟು ಎಲ್ಲರ ರಾತ್ರಿಯನ್ನೂ ನೀವೊಬ್ಬರೇ ಕಾಯುತ್ತೇನೆಂದು ಹೊರಟಿದ್ದೀರಿ. ಅದರ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ನಾಳೆಯಿಂದಲೇ ನಿಲ್ಲಿಸಿ. ನೀವು ಕಣ್ಣು ಮುಚ್ಚಿದ ಹೊತ್ತಿನಲ್ಲಿ ಯಾರೋ ಫೋನ್ ಮಾಡಿ, ನೀವು ಎತ್ತದೆ ಹೋದರೆ? ಅವರಿಗೂ ಅನ್ಯಾಯ, ನಿಮಗೂ ಅನ್ಯಾಯ. ಟೆಲಿ ಮಾನಸ್‌ನ 14416 ಇದೆ. 2022ರ ಅಕ್ಟೋಬರ್ 10ರಿಂದ ಹಗಲೂ ರಾತ್ರಿ ನಡೆಯುತ್ತಿದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಚೀಟಿಯಲ್ಲಿ ಬರೆದುಕೊಟ್ಟರೆ ಕಳೆದುಹೋಗುತ್ತದೆ. ಹೊರಡುವ ಮುಂಚೆ ಅವರ ಫೋನಿನಿಂದಲೇ ಒಮ್ಮೆ ಮಾಡಿಸಿ, ಆ ಕಡೆಯ ದನಿ ಅವರ ಕಿವಿಗೆ ಬೀಳಲಿ. ಮರುದಿನ ಹನ್ನೊಂದಕ್ಕೆ ನಿಮ್ಮ ತಂಡದಿಂದ ಫೋನ್ ಬರುತ್ತದೆ ಎಂದು ಹೇಳಿ, ಹನ್ನೊಂದಕ್ಕೇ ಮಾಡಿ.

ಆ ಭಾನುವಾರದ ರಾತ್ರಿ ನಿಮ್ಮ ಜೊತೆ ಯಾರಿದ್ದರು? ಪತ್ರದಲ್ಲಿ ಅದನ್ನೇ ಹುಡುಕಿದೆ, ಸಿಗಲಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡ ಅನ್ನುವ ಜೊತೆಯವರು ಕೆಟ್ಟವರಲ್ಲ, ಅವರಿಗೂ ಯಾರೂ ಕಲಿಸಿಲ್ಲ. ಇಂಥ ಸಾವಾದಾಗ ತಂಡವೆಲ್ಲ ಒಂದು ಕಡೆ ಕೂತು, ಯಾರ ಮೇಲೂ ಬೆರಳು ತೋರದೆ, ಏನು ಕಂಡೆವು, ಏನು ಬಿಟ್ಟೆವು ಎಂದು ಮಾತಾಡಬೇಕು. ಅದನ್ನು ಮಾಡಿಸಬೇಕಾದದ್ದು ನಿಮ್ಮ ಮೇಲಿನವರು. ಇಬ್ಬರಿಲ್ಲದೆ ಯಾವ ಮನೆಗೂ ಕಳಿಸದಂತೆ ನೋಡಿಕೊಳ್ಳಬೇಕಾದವರೂ ಅವರೇ. ಗುತ್ತಿಗೆಯವಳು ಹೇಗೆ ಕೇಳಲಿ ಎಂದು ಹಿಂಜರಿಯಬೇಡಿ. ತಂಡದವರೆಲ್ಲ ಸೇರಿ ಬರೆದುಕೊಡಿ.

ಇರಲೇ, ಬಿಡಲೇ ಎಂಬುದನ್ನು ಈಗ ತೀರ್ಮಾನಿಸಬೇಡಿ. ಇಷ್ಟು ದಿನ ನಿದ್ದೆ ಊಟ ಬಿಟ್ಟವರು ಬಂದು ಇಂಥದ್ದೇ ಪ್ರಶ್ನೆ ಕೇಳಿದರೆ ನೀವು ಏನನ್ನುತ್ತೀರಿ? ಮೊದಲು ಡಾಕ್ಟರ ಹತ್ತಿರ ಹೋಗೋಣ ಅನ್ನುತ್ತೀರಿ. ಹಾಗೇ ಮಾಡಿ. ನಿಮ್ಮ ತಂಡದವರು ಬೇಡ, ಹೊರಗಿನ ಮನೋವೈದ್ಯರೊಬ್ಬರನ್ನು ನೋಡಿ. ನಿಮಗೂ ಸಾವಿನ ಯೋಚನೆ ಸುಳಿಯುತ್ತಿದೆಯೇ? ಸುಳಿದಿದ್ದರೆ ಇವತ್ತೇ ಮನೆಯವರಿಗೆ ಹೇಳಿ, 14416 ನಿಮಗೂ ಇದೆ. ಹದಿನೈದು ದಿನ ರಜೆ ಹಾಕಿ. ನಿದ್ದೆ ಮರಳಿದ ಮೇಲೆ ಕೆಲಸ ಬಿಡಬೇಕು ಅನ್ನಿಸಿದರೆ ಬಿಡಿ, ಅದರಲ್ಲಿ ಸೋಲೇನೂ ಇಲ್ಲ.

ಆದರೆ ಬಿಡುವ ಮುಂಚೆ ಆ ಮನೆಗೆ ಒಮ್ಮೆ ಹೋಗಿ. ಒಬ್ಬರೇ ಬೇಡ, ಜೊತೆಗೆ ಒಬ್ಬರಿರಲಿ. ಕ್ಷಮೆ ಕೇಳುವುದಕ್ಕಲ್ಲ, ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಆಕೆಯ ಮೇಲೆ ಬೀಳಬಾರದು. ಗಂಡನನ್ನು ಕಳೆದುಕೊಂಡ ಆ ಹೆಂಗಸಿಗೆ ನಿದ್ದೆ ಬರುತ್ತದೆಯೇ, ಮಗಳು ಹೇಗಿದ್ದಾಳೆ, ಪರಿಹಾರದ ಅರ್ಜಿ ಎಲ್ಲಿಗೆ ಬಂತು, ಕೇಳಿ. ಆಕೆ ಸಿಟ್ಟು ಮಾಡಿದರೆ ಕೂತು ಕೇಳಿಸಿಕೊಳ್ಳಿ. ಚಹಾ ಕೊಟ್ಟರೆ ಕುಡಿಯಿರಿ. ಏಳುವ ಮುಂಚೆ ರಾತ್ರಿ ಜೊತೆಗೆ ಯಾರಿರ್ತಾರೆ ಎಂದು ಕೇಳಿ ಬನ್ನಿ. ಬಂದ ಮೇಲೆ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.